ನಿಂತವ್ವನ ದಿಣ್ಣೆ

ನಿನ್ನಿಂದ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನಮ್ಮ ಚರ್ಚಿನ ಸಮಿತಿಯ ದೇವಸಹಾಯಪ್ಪ ಮೇಷ್ಟ್ರು. "ಒಂದನೇ ಕ್ಲಾಸೂ ಮುಗಿಸದವಳು ನೀನು. ಐತಿಹ್ಯ ಬರೆಯೋದು ಅಂದ್ರೆ ಹಪ್ಪಳ ಲಟ್ಟಿಸಿದ ಹಾಗಲ್ಲಮ್ಮ" ಎಂದರು. ಹಪ್ಪಳ ಲಟ್ಟಿಸಿ ಗೊತ್ತಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ. ಅಕ್ಷರವನ್ನು ನನಗೆ ಯಾರೂ ದಾನ ಕೊಟ್ಟಿಲ್ಲ. ಜಪದ ಪುಸ್ತಕದಿಂದ, ಬೆಲ್ಲ ಕಟ್ಟಿಕೊಟ್ಟ ಪೇಪರಿನಿಂದ, ಬಸ್ಸಿನ ಬೋರ್ಡಿನಿಂದ ಒಂದೊಂದಾಗಿ ನಾನೇ ಕಿತ್ತುಕೊಂಡದ್ದು. ನಮ್ಮ ದಿಣ್ಣೆಗೆ ಆ ಹೆಸರು ಹೇಗೆ ಬಂತೆಂಬುದನ್ನು ನನ್ನ ಅಜ್ಜಿಯೂ ಅವಳ ಓರಗೆಯ ಹೆಂಗಸರೂ ಹೇಳುತ್ತಿದ್ದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಉಪದೇಶಿಯ ಮಾತು ಬರುವ ಕಡೆ ಸ್ವಲ್ಪ ಬಿಟ್ಟು ಬರೆ ಎಂದವರೂ ಇದ್ದಾರೆ. ಬಿಡುವುದಿಲ್ಲ.

ಕಗ್ಗಲಿಪಾಳ್ಯದಲ್ಲಿ ಬಸ್ಸಿಳಿದು ಪೂರ್ವಕ್ಕೆ ತಿರುಗಿದರೆ ಕಾಣುವ ಬೋಳು ಎತ್ತರವೇ ನಿಂತವ್ವನ ದಿಣ್ಣೆ. ಗುಡ್ಡ ಎನ್ನುವಷ್ಟು ದೊಡ್ಡದಲ್ಲ. ಮಳೆಗಾಲದಲ್ಲೂ ನೀರು ನಿಲ್ಲದ ಗಟ್ಟಿ ಕೆಂಪು ನೆಲ. ಇಳಿಜಾರಿನಲ್ಲಿ ಜಾಲಿ, ಕಗ್ಗಲಿ, ತಂಗಡಿ ಗಿಡಗಳು. ನೆತ್ತಿಯಲ್ಲಿ ಸುಣ್ಣ ಬಳಿದ ಸಣ್ಣ ದೇವಾಲಯ. ಮೇಲಿನ ಶಿಲುಬೆ ಕಣ್ಣಿಗೆ ಬೀಳದಿದ್ದರೆ ಯಾರದೋ ಹೊಲದ ಮನೆ ಎಂದುಕೊಳ್ಳಬೇಕು. ಹೆಸರು ಕೇಳಿ ಇದು ಗ್ರಾಮದೇವತೆಯ ಗುಡಿ ಎಂದು ತಿಳಿದು, ಮಡಿಲಕ್ಕಿಯೊಂದಿಗೆ ಹತ್ತಿಬರುವ ಹೊರಗಿನ ಹೆಂಗಸರು ಈಗಲೂ ಇದ್ದಾರೆ. ಒಳಗೆ ಶಿಲುಬೆಯ ಮೇಲಿನ ಯೇಸುಸ್ವಾಮಿಯನ್ನೂ ಪಕ್ಕದಲ್ಲಿ ಮಾತೆ ಮರಿಯಮ್ಮನವರನ್ನೂ ನೋಡಿ, "ಇಲ್ಲಿ ನಿಂತವ್ವ ಯಾರು?" ಎಂದು ಕೇಳುತ್ತಾರೆ. ಮಾತೆಯವರನ್ನೇ ತೋರಿಸಿ ಕಳುಹಿಸುವವರು ನಮ್ಮಲ್ಲಿದ್ದಾರೆ. ಮಗನ ಶಿಲುಬೆಯ ಕೆಳಗೆ ನಿಂತ ತಾಯಿ ಅವರಲ್ಲವೇ ಎನ್ನುವುದು ಅವರ ವಾದ. ವಾದ ಚೆನ್ನಾಗಿದೆ, ನಿಜವಲ್ಲ. ನಿಂತವ್ವ ದೇವತೆಯೂ ಅಲ್ಲ, ಸಂತಳೂ ಅಲ್ಲ. ಪಾಪ ಮಾಡಿದ ಒಬ್ಬ ಹೆಂಗಸು. ಅವಳ ಹೆಸರು ಚೌರಮ್ಮ.

ಹಿಂದೆ ಒಮ್ಮೆ, ಘಟ್ಟದ ಮೇಲಿನ ದಂಡು ಕೆಳಕ್ಕೂ ಕೆಳಗಿನ ದಂಡು ಮೇಲಕ್ಕೂ ಸುಗ್ಗಿ ಮುಗಿದದ್ದೇ ತಡ ಓಡಾಡುತ್ತಿದ್ದ ಕಾಲದಲ್ಲಿ, ಪಾಳ್ಯದಲ್ಲಿದ್ದ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಗುರುಗಳು ಊರಲ್ಲಿ ಇರುತ್ತಿರಲಿಲ್ಲ. ಕಾವಿ ಉಟ್ಟು, ಕೋಲು ಹಿಡಿದು, ಊರಿಂದೂರಿಗೆ ನಡೆಯುವ ಒಬ್ಬರೇ ಗುರುಗಳು ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಬಂದು, ಪಾಪನಿವೇದನೆ ಕೇಳಿ, ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಭಾನುವಾರದ ಜಪ ಹೇಳಿಕೊಡುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲವೂ ಊರಿನ ಉಪದೇಶಿಯ ಪಾಲಿಗೆ. ಆಗ ಉಪದೇಶಿಯಾಗಿದ್ದವನು ರಾಯಪ್ಪ. ದೊಡ್ಡ ದನಿಯವನು, ಊರ ತುಂಬ ಮರ್ಯಾದೆ ಉಳ್ಳವನು, ಕೈಬಾಯಿ ಶುದ್ಧವಾಗಿದ್ದವನು. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ ಎನ್ನುತ್ತಿದ್ದಳು ನನ್ನ ಅಜ್ಜಿ.

ದೇವಾಲಯದ ಬಾಗಿಲಿಗೆ ಎದುರಾಗಿ, ಅಂಗಳದಲ್ಲೇ, ದೇವರ ಹಗೇವು ಇತ್ತು. ಹಗೇವು ನೋಡದ ಮಕ್ಕಳಿಗಾಗಿ ಹೇಳಬೇಕು. ನೀರು ಒಸರದ ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ತೋಡಿದ ಗುಂಡಿ ಅದು. ಹೊಟ್ಟೆ ಅಗಲ, ಬಾಯಿ ಒಬ್ಬರು ಇಳಿಯುವಷ್ಟು ಮಾತ್ರ. ಒಳಗೋಡೆಗೆ ಹುಲ್ಲು ಕಟ್ಟಿ ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಸುತ್ತ ಸಂದು ಬಿಡದೆ ಕೆಸರು ಮೆತ್ತಿದರೆ ಆ ರಾಗಿ ಮಗ ಮೊಮ್ಮಗನ ಕಾಲದವರೆಗೂ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಆತುರ ಸಲ್ಲದು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆರೆದು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಪ್ರತಿ ಸುಗ್ಗಿಯಲ್ಲೂ ಒಂದೊಂದು ಮನೆಯಿಂದ ದೇವರ ಪಾಲೆಂದು ರಾಗಿ ಬಂದು ಅಲ್ಲಿ ಬೀಳುತ್ತಿತ್ತು. ದಂಡಿನ ಸುದ್ದಿ ಬಂದ ವರ್ಷ, ಬಿತ್ತನೆ ರಾಗಿಯೂ ಸೇರಿ ಊರಿನ ಕಾಳೆಲ್ಲ ಅಲ್ಲಿಗೇ. ಹಗೇವು ಇಳಿದು ಹತ್ತಿ ನೋಡಿಕೊಳ್ಳುತ್ತಿದ್ದವನು ಚೌರಮ್ಮನ ಗಂಡ. ಅವನು ಸತ್ತ ಮೇಲೆ, ಸಣ್ಣ ಮೈಕಟ್ಟಿನ ಹೆಂಗಸು, ಬಾಯಿಯಲ್ಲಿ ಹಿಡಿಸುತ್ತಾಳೆ ಎಂದು ಊರವರು ಆ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು. ಊರೆಲ್ಲ ಕೂಡಿದಾಗ, ಜಪ ಹೇಳಿ, ಉಪದೇಶಿಯ ಎದುರಿಗೆ ತೆಗೆಯಬೇಕೆಂಬುದು ಕಟ್ಟಳೆ.

ಆ ಸುಗ್ಗಿಯ ಕೊನೆಗೆ ದಂಡು ಬಂತು. ಊರು ಕಾಡು ಸೇರಿತು. ಚೌರಮ್ಮನಿಗೆ ಲೂಸಮ್ಮ ಎಂಬ ಒಬ್ಬಳೇ ಮಗಳು, ಇನ್ನೂ ಮಾತು ತೊದಲುವ ಕೂಸು, ಅದಕ್ಕೆ ಜ್ವರ. ಗೆಡ್ಡೆಗೆಣಸು ಅದರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಗಂಜಿ ಬೇಕೆಂದು ಅಳುತ್ತಿತ್ತು. ಒಂದು ಸಂಜೆ ತಾಯಿ ಯಾರಿಗೂ ಹೇಳದೆ ದಿಣ್ಣೆಗೆ ಇಳಿದುಬಂದಳು. ಚಪ್ಪಡಿ ಸರಿಸಿ ಮಡಿಲಿಗೆ ಹಿಡಿಸಿದಷ್ಟು ರಾಗಿ ತೆಗೆದಳು. ಚಪ್ಪಡಿಯನ್ನು ಮತ್ತೆ ಎಳೆದಳು, ಆದರೆ ಸಂದಿಗೆ ಕೆಸರು ಮೆತ್ತಲಿಲ್ಲ. ಹಸಿ ಕೆಸರು ಕಂಡರೆ ದಂಡಿನವರಿಗೆ ಗುರುತು ಸಿಕ್ಕೀತು ಎಂಬ ಭಯ ಒಂದು. ಮಗುವನ್ನು ಕಾಡಿನಲ್ಲಿ ಒಂಟಿಯಾಗಿ ಬಿಟ್ಟುಬಂದ ಆತುರ ಇನ್ನೊಂದು. ಒಣ ಎಲೆ ಹರವಿ ಹೋದಳು. ಮಗು ಗಂಜಿ ಕುಡಿದು ತಾಯಿಯ ಮುಖ ನೋಡಿ ನಕ್ಕಿತಂತೆ. ಆಮೇಲೆ ಜ್ವರ ಮತ್ತೆ ಏರಿ, ಆ ವಾರವೇ ಕಾಡಿನಲ್ಲಿ ಹೋಗಿಬಿಟ್ಟಿತು. ಅದೇ ವಾರ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು.

ದಂಡು ಸರಿದ ಮೇಲೆ ಊರವರು ಬಂದು ಹಗೇವು ತೆಗೆದರೆ ಮೂಗು ಮುಚ್ಚಿಕೊಳ್ಳುವ ಹಾಗಿತ್ತು. ರಾಗಿ ಮೊಳೆತು, ಮುಗ್ಗಿ, ಕೊಳೆತು ಗೊಬ್ಬರವಾಗಿತ್ತು. ತಿನ್ನಲೂ ಇಲ್ಲ, ಬಿತ್ತಲೂ ಇಲ್ಲ. "ದಂಡಿನವರ ಕೆಲಸ ಇದು, ಹಾಳಾಗಿ ಹೋಗ್ಲಿ" ಎಂದು ಯಾರೋ ಶಪಿಸಿದರು. ಎಲ್ಲರೂ ಹೌದೆಂದರು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಚೌರಮ್ಮ ಮುಂದೆ ಬಂದು, "ದಂಡಿನೋರಲ್ಲ, ನಾನು" ಎಂದಳು. ಮಡಿಲಿನ ರಾಗಿಯ ವಿಷಯ, ಕೆಸರು ಮೆತ್ತದ ವಿಷಯ, ಒಂದನ್ನೂ ಬಿಡದೆ ಹೇಳಿದಳು.

ಆ ಬೇಸಿಗೆಯಲ್ಲಿ ಪಾಳ್ಯದಲ್ಲಿ ಹಸಿವಿನಿಂದ ಸತ್ತವರಿದ್ದಾರೆ. ಉಪದೇಶಿ ರಾಯಪ್ಪನ ಮಗ ಯಾಗಪ್ಪ ಅವರಲ್ಲಿ ಒಬ್ಬ. ಇದನ್ನು ಮರೆತು ಚೌರಮ್ಮನ ಪರ ಮಾತಾಡುವುದು ನ್ಯಾಯವಲ್ಲ. ಪಾಪ ದೊಡ್ಡದೇ. ಊರು ಅಂದದ್ದೇನೆಂದರೆ, ದೇವರ ಕಾಳಿಗೆ ಕೈಹಾಕಿದಳು, ದೇವರು ಅವಳ ಕೂಸಿಗೆ ಕೈಹಾಕಿದ. ಅವಳಿಂದಾಗಿ ಊರಿಗೂ ಶಾಪ ತಟ್ಟಿತು. ತಪಸ್ಸು ಕಾಲಕ್ಕೆ ಗುರುಗಳು ಬಂದಾಗ ಇದನ್ನೇ ಅವರ ಮುಂದೆ ಇಟ್ಟರು. "ಇದು ದೇವರ ಶಿಕ್ಷೆ ತಾನೇ, ಸ್ವಾಮಿ?" ಎಂದು ಕೇಳಿದರು. ಗುರುಗಳು, "ದೇವರ ಶಿಕ್ಷೆ ಅಳೆಯುವ ಕೊಳಗ ನನ್ನ ಹತ್ತಿರ ಇಲ್ಲ. ಪಾಪಕ್ಕೆ ಪ್ರಾಯಶ್ಚಿತ್ತ ಕೊಡುತ್ತೇನೆ, ಆಮೇಲೆ ಕ್ಷಮೆ ಕೊಡುತ್ತೇನೆ. ನನಗೆ ಒಪ್ಪಿಸಿರುವುದು ಅಷ್ಟೇ" ಎಂದರಂತೆ.

ಆ ಕಾಲದ ಪ್ರಾಯಶ್ಚಿತ್ತ ಎಲ್ಲರ ಕಣ್ಣೆದುರು ನಡೆಯುವಂಥದು. ತಲೆಗೆ ಬೂದಿ ಹಾಕಿಕೊಂಡು, ತಪಸ್ಸು ಕಾಲ ಮುಗಿಯುವವರೆಗೆ, ಜಪ ನಡೆಯುವಷ್ಟು ಹೊತ್ತೂ ಬಾಗಿಲ ಹೊರಗೆ ನಿಲ್ಲಬೇಕು. ಚೌರಮ್ಮ ನಿಲ್ಲಬೇಕಾದ ಜಾಗ ಹಗೇವಿನ ಚಪ್ಪಡಿ. ಆ ಕಾಲದ ಕೊನೆಯ ದಿನವಾದ ಪವಿತ್ರ ಗುರುವಾರ ಗುರುಗಳು ಪಾಪಕ್ಷಮೆ ಕೊಟ್ಟ ಮೇಲೆ, ಉಪದೇಶಿ ಹೊರಗೆ ಬಂದು, ನಿಂತವರ ಕೈಹಿಡಿದು, ಎಲ್ಲರೂ ನೋಡುವಂತೆ ಒಳಗೆ ಕರೆದೊಯ್ಯಬೇಕು. ಕೈಹಿಡಿದು ಒಳಗೆ ಬಂದವರ ಪಾಪವನ್ನು ಮತ್ತೆ ಯಾರೂ ಎತ್ತಿ ಆಡುವಂತಿಲ್ಲ. ಅದು ನಮ್ಮ ಹಿರಿಯರ ಕಟ್ಟಳೆ.

ಚೌರಮ್ಮ ನಿಂತಳು. ಬಿಸಿಲಿಗೆ ಚಪ್ಪಡಿ ಕಾದ ಹೆಂಚಾಗುತ್ತಿತ್ತು, ಆದರೂ ಕಾಲು ಬದಲಾಯಿಸಲಿಲ್ಲ ಎನ್ನುತ್ತಾರೆ. ಪವಿತ್ರ ಗುರುವಾರದ ಬೆಳಿಗ್ಗೆ ಗುರುಗಳಿಗೆ ನದಿಯಾಚೆಯಿಂದ ಕರೆ ಬಂತು; ಅಲ್ಲಿಯ ಊರಿಗೆ ದಂಡು ನುಗ್ಗಿದೆ, ಸಾಯುವವರು ಕಾದಿದ್ದಾರೆ ಎಂದು. ಗುರುಗಳು ಹೊರಡುವ ಅವಸರದಲ್ಲೇ ಚಪ್ಪಡಿಯ ಬಳಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳಿದರು. "ರಾಯಪ್ಪ, ಸಂಜೆಯ ಜಪಕ್ಕೆ ಇವಳನ್ನು ಕೈಹಿಡಿದು ಒಳಗೆ ಕರೆದುಕೋ" ಎಂದು ಹೇಳಿ ಹೊರಟರು.

ಸಂಜೆ ಊರೆಲ್ಲ ಸೇರಿತ್ತು. ರಾಯಪ್ಪ ಬಾಗಿಲು ದಾಟಿ ಬಂದ. ಕೈ ಚಾಚಿದ. ಅವಳೂ ಚಾಚಿದಳು. ಬೆರಳು ತಗಲುವಷ್ಟರಲ್ಲಿ ಅವನು ಕೈ ಹಿಂದಕ್ಕೆ ಎಳೆದುಕೊಂಡುಬಿಟ್ಟ. ಮಗನನ್ನು ಮಣ್ಣಿಗಿಟ್ಟ ಕೈ ಅದು. "ಆಗಲ್ಲ, ಚೌರಿ, ನನ್ನ ಕೈಲಿ ಆಗಲ್ಲ" ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ದುಃಖದ ಮಾತಾಗುತ್ತಿತ್ತು. ಆದರೆ ಜನ ನೋಡುತ್ತಿದ್ದರು, ಉಪದೇಶಿಗೆ ತನ್ನ ದುಃಖವನ್ನು ಒಪ್ಪಿಕೊಳ್ಳುವುದಕ್ಕಿಂತ ಅದಕ್ಕೆ ದೇವರ ಹೆಸರಿಡುವುದೇ ಸುಲಭವಾಯಿತು. "ಗುರುಗಳು ಕ್ಷಮಿಸಿದ್ರು, ಸರಿ. ದೇವರೂ ಕ್ಷಮಿಸಿದ್ರೆ ಈ ಹಗೇವು ತುಂಬ್ಲಿ. ಆಗ ಒಳಗೆ ಬಾ" ಎಂದ. ಜನ ಅವನ ಹಿಂದೆ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಅವಳು ಬೂದಿ ಹಾಕಿಕೊಂಡು ಹೊರಗೇ ನಿಲ್ಲುತ್ತಿದ್ದಳು. ಆ ವರ್ಷ ಸಕಲ ಮೃತರ ದಿನ ಬಂತು. ಅಂದು ಉಪದೇಶಿ ಪೀಠದ ಮುಂದೆ ನಿಂತು ಪ್ರತಿ ಮನೆಯ ಸತ್ತವರ ಹೆಸರನ್ನೂ ಗಟ್ಟಿಯಾಗಿ ಕೂಗುವುದು, ಜನ ಪ್ರತಿ ಹೆಸರಿಗೂ ಜಪ ಹೇಳುವುದು ಪದ್ಧತಿ. ಯಾಗಪ್ಪನ ಹೆಸರು ಕೂಗಿದ. ಲೂಸಮ್ಮನ ಹೆಸರು ಕೂಗಲಿಲ್ಲ. ಜಪ ಮುಗಿಸಿ ಹೊರಬಂದವನನ್ನು ಚೌರಮ್ಮ ಅಡ್ಡಗಟ್ಟಿದಳು.

"ರಾಯಪ್ಪಣ್ಣ, ಕೂಸಿನ ಹೆಸರು ಬಿಟ್ಟುಹೋಯ್ತು."

"ಬಿಟ್ಟುಹೋಗಿಲ್ಲ, ಬಿಟ್ಟಿದ್ದೀನಿ. ಕದ್ದ ರಾಗಿ ತಿಂದು ಸತ್ತ ಕೂಸು ಅದು. ಶಿಕ್ಷೆ ತೀರದ ಹೊರತು ಕೂಗಲ್ಲ."

"ಕದ್ದೋಳು ನಾನು. ನನ್ನ ಹೆಸರು ನೀನು ಸಾಯೋವರೆಗೂ ಕೂಗಬ್ಯಾಡ. ಅದರ ಹೆಸರು ಕೂಗು."

"ಹಗೇವು ತುಂಬ್ಲಿ" ಎಂದು ಅವನು ನಡೆದುಬಿಟ್ಟ.

ಇಲ್ಲಿಂದಲೇ ನಿಂತವ್ವನ ಕತೆ ಎಂದು ನಾನು ಹೇಳುತ್ತೇನೆ. ಅಲ್ಲಿಯವರೆಗೆ ಅವಳು ಪ್ರಾಯಶ್ಚಿತ್ತಕ್ಕೆ ನಿಂತ ಹತ್ತು ಜನರಲ್ಲಿ ಒಬ್ಬಳು. ಮುಂದಿನ ಭಾನುವಾರ ಅವಳು ಬೂದಿ ಹಾಕಿಕೊಳ್ಳದೆ ಬಂದಳು. ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿ ತುರುಬು ಕಟ್ಟಿ, ಒಗೆದ ಸೀರೆ ಉಟ್ಟು, ಅದೇ ಚಪ್ಪಡಿ ಹತ್ತಿ, ಬಾಗಿಲಿಗೆ ಮುಖಮಾಡಿ ನಿಂತಳು. ಊರು ಇದನ್ನು ಸಹಿಸಲಿಲ್ಲ. "ನಾಚಿಕೆ ಇಲ್ವೇನೇ? ಸಿಂಗಾರ ಮಾಡ್ಕೊಂಡು ಶಿಕ್ಷೆಗೆ ನಿಲ್ತಾರಾ ಯಾರಾದ್ರೂ?" ಎಂದು ಹೆಂಗಸರು ಕೇಳಿದರು. ಅವಳು ಕೊಟ್ಟ ಉತ್ತರವನ್ನು ನಮ್ಮ ಮನೆಯ ಹೆಂಗಸರು ಜಪದ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. "ಶಿಕ್ಷೆಗೆ ನಿಂತಿದ್ದು ಗುರುವಾರಕ್ಕೆ ಮುಗೀತು ಕಣ್ರವ್ವ. ಈಗ ಹಕ್ಕಿಗೆ ನಿಂತಿದ್ದೀನಿ."

ದಿಣ್ಣೆಯ ಪಕ್ಕದಲ್ಲೇ ಸಂತೆಯ ದಾರಿ. ಸುತ್ತಲಿನ ಒಕ್ಕಲಿಗರ ಊರುಗಳಿಂದ ಸಂತೆಗೆ ಹೋಗುವವರು ಭಾನುವಾರ ಹೋಗುವಾಗಲೂ ಬರುವಾಗಲೂ ಈ ಹೆಂಗಸನ್ನು ನೋಡುತ್ತಿದ್ದರು. ಅವಳ ಹೆಸರು ಅವರಿಗೆ ತಿಳಿಯದು. "ಅಗೋ ನಿಂತವ್ವ" ಎಂದು ತೋರಿಸಿ ಆಡಿಕೊಂಡ ಮಾತೇ ಮೊದಲು ಅವಳಿಗೆ, ಆಮೇಲೆ ದಿಣ್ಣೆಗೆ ಅಂಟಿಕೊಂಡಿತು. ಅವರಲ್ಲಿ ಕೆಂಚಮ್ಮ ಎಂಬ ಮುದುಕಿ, ಬಾಯಿ ಜೋರಿನವಳು, ಒಂದು ದಿನ ಸಂತೆಯ ಕುಕ್ಕೆ ಇಳಿಸಿ ಕೇಳಿಯೇಬಿಟ್ಟಳು. "ಏನವ್ವ, ಯಾವಾಗ ನೋಡಿದ್ರೂ ನಿಂತೇ ಇರ್ತೀಯಲ್ಲ? ನಿಮ್ಮ ದೇವ್ರು ಕೂತ್ಕೋ ಅನ್ನಲ್ವಾ?" ಚೌರಮ್ಮ, "ದೇವ್ರು ಆಗ್ಲೇ ಅಂದವ್ನೆ. ಜನ ಅಂದಿಲ್ಲ" ಎಂದಳು. ಕೆಂಚಮ್ಮ ಬಿದ್ದು ಬಿದ್ದು ನಕ್ಕಳಂತೆ. "ಹಂಗಾದ್ರೆ ನಮ್ಮ ದೇವ್ರಂಗೇ ಕಣೆ ನಿಮ್ಮ ದೇವ್ರೂವೆ. ಪೂಜಾರೀದೇ ತಾಪತ್ರಯ" ಎಂದಳಂತೆ. ಆ ನಗುವಿನಿಂದ ಅವರಿಬ್ಬರಿಗೂ ಸ್ನೇಹವಾಯಿತು.

ಹಗೇವು ತುಂಬಲಿ ಎಂದು ರಾಯಪ್ಪ ಅಂದದ್ದು ಆಗದ ಮಾತು ಎಂದು. ಚೌರಮ್ಮ ಅದನ್ನು ಕೆಲಸ ಎಂದು ಹಿಡಿದಳು. ಊರವರು ಹೊಲಕ್ಕೆ ಹೋದ ಹೊತ್ತಿನಲ್ಲಿ ಚಪ್ಪಡಿ ಸರಿಸಿ, ಇಳಿದು, ಕೊಳೆತದ್ದನ್ನೆಲ್ಲ ಕುಕ್ಕೆಕುಕ್ಕೆಯಾಗಿ ಹೊತ್ತು ಹಾಕಿದಳು. ಒಳಗೆ ತರಗು ಉರಿಸಿ ಗೋಡೆ ಒಣಗಿಸಿದಳು. ಹೊಸ ಹುಲ್ಲು ಕಟ್ಟಿದಳು. ಊರಿನವರು ಆ ಹಗೇವಿಗೆ ಶಾಪ ತಗಲಿದೆ ಎಂದು ಅತ್ತ ಹೆಜ್ಜೆ ಇಡುತ್ತಿರಲಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿ ಎತ್ತಿದ ಮೇಲೆ ನೆಲದಲ್ಲಿ ಉಳಿಯುವ ಕಾಳು ಗುಡಿಸಿಕೊಳ್ಳುವುದು ಬಡವರ ಪಾಲು. ಪಾಳ್ಯದ ಕಣಗಳಲ್ಲಿ ಅವಳಿಗೆ ಪೊರಕೆ ಇಡಲು ಬಿಡಲಿಲ್ಲ. ಅವಳು ಕೆಂಚಮ್ಮನ ಊರಿಗೆ ಹೋದಳು. "ಮಣ್ಣು ಜಾಸ್ತಿ, ಕಾಳು ಕಮ್ಮಿ ಕಣವ್ವ" ಎಂದು ಕೆಂಚಮ್ಮ ಎಚ್ಚರಿಸಿದರೆ, "ಮಣ್ಣು ನಾನು ಕೇರ್ಕೋತೀನಿ, ನೀನು ಕಣ ತೋರ್ಸು" ಎಂದಳು. ಕೂಲಿಗೆ ಕಳೆ ಕಿತ್ತಳು, ಕೂಲಿಯನ್ನು ಕಾಳಾಗಿಯೇ ಪಡೆದಳು. ತಾನು ಉಂಡದ್ದು ಸೊಪ್ಪು ಹೆಚ್ಚು, ಹಿಟ್ಟು ಕಡಿಮೆ. ಒಂದೊಂದು ಮೊರ ಸುರಿದಾಗಲೂ ಚಪ್ಪಡಿ ಎಳೆದು, ಸಂದುಸಂದಿಗೂ ಕೆಸರು ಮೆತ್ತಿ, ಕೈಯಿಂದ ಸವರಿ, ಬೆರಳಿಂದ ಒತ್ತಿ ನೋಡಿ ಏಳುತ್ತಿದ್ದಳು. ವರ್ಷಗಳು ಹೋದವು. ನದಿಯಾಚೆಗೆ ಹೋದ ಗುರುಗಳು ಮತ್ತೆ ಬರಲಿಲ್ಲ. ದಂಡಿನವರು ಹಿಡಿದೊಯ್ದರು ಎನ್ನುತ್ತಾರೆ. ಭಾನುವಾರ ಬಂದರೆ ಚೌರಮ್ಮ ತುಂಬುತ್ತಿದ್ದ ಆ ರಾಗಿಯ ಮೇಲೆಯೇ ನಿಂತು, ಒಳಗಿನ ಜಪಕ್ಕೆ ಹೊರಗಿನಿಂದ ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದಳು. ಸತ್ತವರ ದಿನ ಪ್ರತಿ ವರ್ಷವೂ ಕಿವಿಗೊಟ್ಟು ಕೇಳುತ್ತಿದ್ದಳು. ಒಂದು ಹೆಸರು ಪ್ರತಿ ವರ್ಷವೂ ಬಿಟ್ಟುಹೋಗುತ್ತಿತ್ತು.

ದೇವದೂತರು ಬಂದು ಒಂದೇ ರಾತ್ರಿಯಲ್ಲಿ ಹಗೇವು ತುಂಬಿಸಿದರು ಎಂದು ಹೇಳುವವರೂ ನಮ್ಮೂರಲ್ಲಿದ್ದಾರೆ. ದೇವಸಹಾಯಪ್ಪ ಮೇಷ್ಟ್ರಿಗೂ ಆ ಕತೆಯೇ ಇಷ್ಟ. ಹಾಗೆ ಹೇಳಿದರೆ ಯಾರ ಬೆನ್ನೂ ನೋಯುವುದಿಲ್ಲ, ಯಾರ ಕಣದಲ್ಲಿ ಅವಳಿಗೆ ಜಾಗ ಕೊಡಲಿಲ್ಲ ಎಂಬ ಪ್ರಶ್ನೆಯೂ ಏಳುವುದಿಲ್ಲ. ದೇವದೂತರ ಮೇಲೆ ನನಗೆ ನಂಬಿಕೆ ಇದೆ. ಆದರೆ ಪೊರಕೆ ಹಿಡಿದದ್ದು ಅವರಲ್ಲ.

ಆಮೇಲೆ ಒಂದು ಸುಗ್ಗಿಯಲ್ಲಿ ದಂಡು ಮತ್ತೆ ಬಂತು. ಈ ಸಲ ಹೇಳಿ ಕೇಳಿ ಬರಲಿಲ್ಲ. ಕಾಳು ಬಚ್ಚಿಡಲು ಸಮಯವಿರಲಿಲ್ಲ. ಹೊತ್ತೊಯ್ಯಲಾಗದ್ದಕ್ಕೆಲ್ಲ ಬೆಂಕಿ ಇಟ್ಟು ಹೋದರು. ಮೆದೆಗಳೆಲ್ಲ ಉರಿದು ಬೂದಿಯಾದವು. ಕಾಡಿನಿಂದ ಮರಳಿದ ಊರವರು ಕಂಡದ್ದು ಕಪ್ಪು ನೆಲ. ರಾಯಪ್ಪನಿಗೆ ಆಗಲೇ ಕೂದಲು ನೆರೆತಿತ್ತು. ಇನ್ನು ಪಾಳ್ಯ ಬಿಡುವುದೊಂದೇ ದಾರಿ ಎಂದು, ದೇವಾಲಯದ ಶಿಲುಬೆ ಇಳಿಸಿಕೊಂಡು ಹೋಗಲು ಜನರನ್ನು ಕರೆದುಕೊಂಡು ದಿಣ್ಣೆ ಹತ್ತಿದ. ಚೌರಮ್ಮ ಚಪ್ಪಡಿಯ ಮೇಲೆ ನಿಂತಿದ್ದಳು. "ಶಿಲುಬೆ ಇರ್ಲಿ, ಎಲ್ಲೂ ಹೋಗೋದು ಬ್ಯಾಡ. ಹಗೇವು ತೆಗೀರಿ" ಎಂದಳು.

ಯಾರೂ ನಂಬಲಿಲ್ಲ. ಹಸಿವಿಗೆ ಹುಚ್ಚು ಹಿಡಿದಿದೆ ಎಂದರು. ರಾಯಪ್ಪನಿಗೆ ಸಿಟ್ಟೇ ಬಂತು. ತಾನು ಅಂದು ಹಾಕಿದ ಮಾತನ್ನು ಈ ಹೊತ್ತಿನಲ್ಲಿ ತನ್ನ ಮುಖಕ್ಕೇ ಎಸೆಯುತ್ತಿದ್ದಾಳೆ ಎಂದುಕೊಂಡ. "ಬಾ, ಎಲ್ರೂ ನೋಡ್ಲಿ" ಎಂದು ತಾನೇ ಗುದ್ದಲಿ ಹಾಕಿ ಕೆಸರು ಕಿತ್ತು, ಚಪ್ಪಡಿ ಸರಿಸಿದ. ಹಗೇವಿನ ಪದ್ಧತಿ ಅವನಿಗೆ ತಿಳಿಯದ್ದಲ್ಲ, ಹುಟ್ಟಿದಂದಿನಿಂದ ನೋಡಿದ್ದ. ಆದರೆ ಬರಿದಾದ ಗುಂಡಿಗೆ ದೀಪ ಯಾಕೆ ಎಂದುಕೊಂಡ. "ತಾಳು, ರಾಯಪ್ಪಣ್ಣ, ದೀಪ ಬಿಡ್ಬೇಕು!" ಎಂದು ಅವಳು ಕೂಗುತ್ತಿದ್ದಂತೆಯೇ ಬಾಯಿಗೆ ತಲೆಕೊಟ್ಟು ಸೊಂಟದವರೆಗೆ ಬಗ್ಗಿ ಕೈ ಇಳಿಬಿಟ್ಟ. ಕೈಗೆ ರಾಗಿ ತಗಲಿತು. ಅಷ್ಟರಲ್ಲೇ ಮೈ ಸಡಿಲಾಗಿ, ತಲೆಕೆಳಗಾಗಿ ಒಳಗೆ ಜಾರಿಬಿಟ್ಟ.

ಜನ ಹಿಂದೆ ಸರಿದರು. "ದೇವರ ಶಿಕ್ಷೆ! ಹಗೇವು ನುಂಗ್ತು! ಯಾರೂ ಹತ್ರ ಹೋಗ್ಬೇಡಿ!" ಎಂದು ಕಿರುಚಿದರು. ಅದೇ ಜನ, ಅದೇ ಮಾತು. ಅಂದು ಅವಳ ಮೇಲೆ, ಇಂದು ಅವನ ಮೇಲೆ. ಅವಳು ಸುಮ್ಮನೆ ನಿಂತಿದ್ದರೂ ಸಾಕಿತ್ತು. ಅವಳ ಜೀವನದಲ್ಲಿ ಅಷ್ಟು ಸುಲಭವಾಗಿ ಅವಳ ಕಡೆಗೆ ತಿರುಗಿದ ನ್ಯಾಯ ಇನ್ನೊಂದು ಇರಲಿಲ್ಲ. "ಶಿಕ್ಷೆ ಅಲ್ಲ ಕಣ್ರೋ, ಗಾಳಿ! ಕೆಟ್ಟ ಗಾಳಿ! ದೇವ್ರಿಗೆ ಬೇರೆ ಕೆಲ್ಸ ಇಲ್ವಾ? ಹಗ್ಗ ತನ್ನಿ" ಎಂದು ಗದರಿದಳು. ಸೊಂಟಕ್ಕೆ ಹಗ್ಗ ಬಿಗಿದು, ಸೆರಗು ಒದ್ದೆ ಮಾಡಿ ಮುಖಕ್ಕೆ ಸುತ್ತಿ, ಉಸಿರು ಕಟ್ಟಿ, ಆ ಬಾಯಿಯಲ್ಲಿ ಇಳಿದಳು. ಒಳಗೆ ಕತ್ತಲಲ್ಲಿ ತಡವಿ ಸಿಕ್ಕಿದ್ದು ರಾಯಪ್ಪನ ಬಲಗೈ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಗ್ಗ ಜಗ್ಗಿದಳು. ಮೇಲಿನವರು ಎಳೆದರು. ಅವಳೂ ಬಂದಳು, ಅವನೂ ಬಂದ. ಕೈ ಮಾತ್ರ ಅವಳು ಬಿಟ್ಟಿರಲಿಲ್ಲ.

ಬಯಲ ಗಾಳಿಗೆ ರಾಯಪ್ಪನಿಗೆ ಉಸಿರು ತಿರುಗಿತು. ಗಡ್ಡದ ತುಂಬ ರಾಗಿ. ಬಾಯಿ ತೆರೆದಿಟ್ಟು, ಕಾದು, ದೀಪ ಇಳಿಸಿ ನೋಡಿದರೆ ಹಗೇವಿನ ಹೊಟ್ಟೆ ತುಂಬ ಕಾಳು. ಜನ ಮೊಣಕಾಲೂರಿದರು. "ದೇವರು ಕ್ಷಮಿಸಿಬಿಟ್ಟ, ಚೌರಮ್ಮ! ಹಗೇವು ತುಂಬ್ತು! ಬಾ, ಒಳಗೆ ಬಾ" ಎಂದು ಕೈಮುಗಿದರು. ಬಾಗಿಲನ್ನು ಹಾರು ಹೊಡೆದರು. ಬೇರೆ ಯಾರಾದರೂ ಆಗಿದ್ದರೆ ಅಳುತ್ತಾ ಒಳಗೆ ಓಡುತ್ತಿದ್ದರು. ಚೌರಮ್ಮ ಕದಲಲಿಲ್ಲ.

"ತುಂಬಿದ್ದು ನಾನು. ದೇವ್ರು ಕ್ಷಮಿಸಿದ್ದು ಆ ಗುರುವಾರ, ಹಗೇವು ಖಾಲಿ ಇದ್ದಾಗ. ಇವತ್ತು ತುಂಬೈತೆ ಅಂತ ಒಳಗೆ ಕರೀತೀರಿ, ನಾಳೆ ಇದು ಮುಗಿದಾಗ ಮತ್ತೆ ಹೊರಗೆ ನಿಲ್ಲಿಸ್ತೀರಾ? ರಾಗಿ ನಿಮ್ದೇ, ಹೊತ್ಕೊಂಡ್ ಹೋಗಿ, ಮಕ್ಕಳಿಗೆ ಅಂಬಲಿ ಕಾಸಿ. ಬಿತ್ತನೆಗೆ ತೆಗೆದಿಡಿ. ಅದಕ್ಕೆ ಬದಲು ನನಗೇನೂ ಬ್ಯಾಡ. ನಾನು ಕೇಳ್ತಿರೋದು ಆವತ್ತಿನಿಂದ ಒಂದೇ."

ಅದು ಏನೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ರಾಯಪ್ಪನಿಗೆ ಗೊತ್ತಿತ್ತು. ಅವನು ತೂರಾಡುತ್ತಾ ಎದ್ದು, ದೇವಾಲಯದೊಳಗೆ ಹೋಗಿ, ಪೀಠದ ಮುಂದೆ ನಿಂತ. ಅದು ಸತ್ತವರ ದಿನವೂ ಅಲ್ಲ, ಭಾನುವಾರವೂ ಅಲ್ಲ. ಆ ದೊಡ್ಡ ದನಿಯಲ್ಲಿ ಮೊದಲು "ಲೂಸಮ್ಮ, ಚೌರಮ್ಮನ ಮಗಳು" ಎಂದು ಕೂಗಿದ.  ಆಮೇಲೆ "ಯಾಗಪ್ಪ, ರಾಯಪ್ಪನ ಮಗ" ಎಂದು ಕೂಗಿದ. ಅಂಗಳದಲ್ಲಿದ್ದ ಜನ ಎರಡು ಹೆಸರಿಗೂ ಒಟ್ಟಿಗೇ ಜಪ ಹೇಳಿದರು. 

ಮುಂದಿನದನ್ನೇ ಬಿಟ್ಟು ಬರೆ ಎಂದು ನನಗೆ ಹೇಳಿದ್ದು. ರಾಯಪ್ಪ ಹೊರಗೆ ಬಂದ. ನೆಲದಲ್ಲಿ ಸರಿಸಿಟ್ಟಿದ್ದ ಹಗೇವಿನ ಚಪ್ಪಡಿಯನ್ನು ಹತ್ತಿ, ಅಂಗಳಕ್ಕೆ ಹಾರಿಬಂದಿದ್ದ ಸುಟ್ಟ ಮೆದೆಯ ಬೂದಿಯನ್ನು ಒಂದು ಹಿಡಿ ಬಾಚಿ ತನ್ನ ನೆರೆತ ತಲೆಗೆ ಸುರಿದುಕೊಂಡು, ಊರೆಲ್ಲ ನೋಡುತ್ತಿರುವಾಗ ಬಾಗಿಲಿಗೆ ಮುಖಮಾಡಿ ನಿಂತುಬಿಟ್ಟ. "ಗುರುಗಳು ಹಿಡಿ ಅಂದ ಕೈನ ಹಿಡೀಲಿಲ್ಲ ನಾನು. ನನ್ನ ಸಂಕಟಾನ ದೇವರ ತೀರ್ಪು ಅಂತ ಹೇಳ್ದೆ. ನನ್ನ ಶಿಕ್ಷೆ ನಾನು ನಿಲ್ತೀನಿ, ನೀನು ಒಳಗೆ ಹೋಗವ್ವ" ಎಂದ. ಉಪದೇಶಿ ಅವಳನ್ನು ಅವ್ವ ಎಂದು ಕರೆದದ್ದು ಅದೇ ಮೊದಲು.

ಚೌರಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ತಾನೂ ಚಪ್ಪಡಿಯ ಮೇಲೆ ಒಂದು ಕಾಲಿಟ್ಟು, "ಸಾಕು ಇಳಿ, ರಾಯಪ್ಪಣ್ಣ. ಒಬ್ಬರು ನಿಲ್ಲೋ ಕಲ್ಲು ಇದು, ಇಬ್ಬರಿಗೆ ಜಾಗ ಇಲ್ಲ. ನಿಂತ್ಕಂಡ್ರೆ ಏನೂ ತುಂಬಲ್ಲ, ನನಗೆ ಗೊತ್ತು. ನಡಿ ಒಳಕ್ಕೆ" ಎಂದು ಅವನ ಕೈಹಿಡಿದಳು. ಉಪದೇಶಿಯು ಪಾಪಿಯನ್ನು ಕೈಹಿಡಿದು ಕರೆದೊಯ್ಯಬೇಕಾದ ಬಾಗಿಲಲ್ಲಿ ಪಾಪಿಯೇ ಉಪದೇಶಿಯನ್ನು ಕೈಹಿಡಿದು ಕರೆದೊಯ್ದಳು. ಇದು ಉಪದೇಶಿಗೆ ಅವಮಾನ ಎನ್ನುವುದು ಸಮಿತಿಯವರ ಮಾತು. ರಾಯಪ್ಪ ಮಾಡಿದ ಕೆಲಸಗಳಲ್ಲಿ ಅತಿ ದೊಡ್ಡದು ಇದೇ ಎಂದು ನಾನು ಹೇಳುತ್ತೇನೆ. ದೇವರು ಶಿಕ್ಷಿಸುವುದಿಲ್ಲ ಎಂದು ನಾನು ವಾದಿಸುವವಳಲ್ಲ. ದೇವರು ಮುಗಿಸಿದ ಶಿಕ್ಷೆಯನ್ನು ಮುಂದುವರಿಸಲು ಯಾರನ್ನೂ ನೇಮಿಸಿಲ್ಲ ಎಂದಷ್ಟೇ ಹೇಳುತ್ತೇನೆ.

ರಾಗಿ ಹಂಚಿ ಮುಗಿದ ಮೇಲೆ ಆ ಚಪ್ಪಡಿಯನ್ನು ಒಡೆದುಹಾಕಬೇಕೆಂದು ಜನ ಸುತ್ತಿಗೆ ತಂದರಂತೆ. ಚೌರಮ್ಮ ಬಿಡಲಿಲ್ಲ. "ಒಡೆದ್ರೆ ಇನ್ನೊಂದು ಕಲ್ಲು ಹುಡುಕ್ಕೋತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ? ಬಾಗಿಲಿಗೆ ಹೊಸ್ತಿಲಾಗಿ ಹಾಕಿ" ಎಂದಳು. ಹಾಕಿದರು.

ಈಗ ದಿಣ್ಣೆಗೆ ಬರುವವರು ನೋಡುವುದು ಆ ಹೊಸ್ತಿಲನ್ನೇ. ಬಾಗಿಲಿಗಿಂತ ಅಗಲ, ಎಡಕ್ಕೆ ಒಂದು ಗೇಣು ಹೊರಚಾಚಿಕೊಂಡಿದೆ. ಅಳತೆಗೆ ಕತ್ತರಿಸಿ ಕೂರಿಸಬೇಕೆಂದು ಯಾರಿಗೂ ಮನಸ್ಸಾಗಿಲ್ಲ. ಬೇರೆ ಎಲ್ಲ ಮನೆಗಳಲ್ಲೂ ಹೊಸ್ತಿಲು ತುಳಿಯಬೇಡ, ದಾಟು ಎಂದು ಮಕ್ಕಳಿಗೆ ಹೇಳುತ್ತೇವೆ. ಇಲ್ಲಿ ಮಾತ್ರ ಮದುಮಗಳೂ ಗುರುಗಳೂ ಹೆಣ ಹೊತ್ತವರೂ ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಕಲ್ಲಿನ ಮೇಲಿರುವ ಎರಡು ತಗ್ಗನ್ನು ಚೌರಮ್ಮನ ಪಾದದ ಗುರುತು ಎಂದು ತೋರಿಸುತ್ತಾರೆ. ಅದು ಕಲ್ಲುಕುಟಿಗನ ಉಳಿಯ ಏಟು ಎಂಬುದು ನನ್ನ ಅಭಿಪ್ರಾಯ. ಪಾದದ ಗುರುತಿಲ್ಲದೆಯೂ ಅವಳು ನಿಂತದ್ದು ನಿಜ. ಹಗೇವಿನ ಬಾಯಿಗೆ ಮಕ್ಕಳು ಬೀಳದಂತೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಸಕಲ ಮೃತರ ದಿನ ಇಲ್ಲಿ ಮೊದಲು ಕೂಗುವ ಹೆಸರು ಯಾವ ಗುರುಗಳದೂ ಅಲ್ಲ, ಲೂಸಮ್ಮ ಎಂಬ ಕೂಸಿನದು.

ಆ ಹೊಸ್ತಿಲಿನ ಮೇಲೆ ನಿಂತು ಕೆಳಗೆ ನೋಡಿದರೆ ದಾರಿಯ ಪಕ್ಕದಲ್ಲಿ ಒಂದು ಹಿಟ್ಟಿನ ಗಿರಣಿ ಕಾಣುತ್ತದೆ. ಬಿಸಿಲಲ್ಲಿ ಹತ್ತಿ ಬಂದವರು ಇಳಿಯುವಾಗ ಅಲ್ಲಿ ನೀರು ಕೇಳಿ ಕುಡಿಯಬಹುದು. ಗಿರಣಿ ನನ್ನದು. ಹಿಂದಿನ ಎರಡು ಅಂಕಣದ ಮನೆ, ಮನೆಯೊಳಗಿನ ಒಂದು ಬೀರು ಪುಸ್ತಕ, ಭಾನುವಾರ ದೇವಾಲಯದ ಮೊದಲ ಸಾಲಿನಲ್ಲಿ ಕೂರುವ ಜಾಗ, ಇಷ್ಟೂ ನನ್ನದೇ. ಇವಕ್ಕೆ ನಾನು ತೆತ್ತದ್ದು ಗಿರಣಿಯ ಬೆಲ್ಟಿಗೆ ಬಲಗೈಯ ಎರಡು ಬೆರಳು, ಮತ್ತು ಗಂಡನ ಮನೆ ಬಿಟ್ಟು ಬಂದ ದಿನ ಮುಚ್ಚಿಕೊಂಡ ತವರಿನ ಬಾಗಿಲು.